ಕಬ್ಬಿನ ಹಂಗಾಮಿಗೂ ಕಡುಬಿಸಿಲಿಗೂ ಮನೆಯೊಳಗಿನ ಸೈಕ್ಲಿಂಗ್: ಸ್ಮಾರ್ಟ್ ಟ್ರೈನರ್ ಬಳಕೆಯ ಸಮಗ್ರ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ರಸ್ತೆಗಳು ಕಬ್ಬಿನ ಗಾಡಿಗಳ ಪಾಲಾಗುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ನಸುಕಿನಲ್ಲಿಯೇ ಕಾರ್ಖಾನೆಯತ್ತ ಹೊರಟಿರುತ್ತವೆ. ಹಿಂಬದಿಗೆ ದೀಪವಿಲ್ಲದ, ರೇಡಿಯಂ ಪಟ್ಟಿಯೂ ಇಲ್ಲದ ಟ್ರೇಲರ್‌ಗಳು ಬೇಕಾದಷ್ಟು ಸಿಗುತ್ತವೆ. ಆ ಹಂಗಾಮು ಮುಗಿಯುವಷ್ಟರಲ್ಲಿ ಬಿಸಿಲು ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ತಾಪಮಾನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಇಷ್ಟೊಂದು ಪದಕ ತಂದುಕೊಟ್ಟ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ಅಭ್ಯಾಸಕ್ಕಾಗಿ ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ರಸ್ತೆಗಿಳಿಯಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಾರದ ಎರಡು ಮೂರು ಕಠಿಣ ಅಭ್ಯಾಸಗಳನ್ನು ಮನೆಯೊಳಗೇ, ರಸ್ತೆಯಲ್ಲಿ ಆಗುವುದಕ್ಕಿಂತ ಕರಾರುವಾಕ್ಕಾಗಿ ಮಾಡಬಹುದು. ಅದಕ್ಕೆ ಸ್ಮಾರ್ಟ್ ಟ್ರೈನರ್, ಅಂದರೆ ಸೈಕಲ್ಲನ್ನು ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರ, ಬೇಕು. ಅದಕ್ಕಿಂತ ಮೊದಲು ಗಾಳಿಯಾಡುವ ಕೋಣೆ, ಕೈಕೊಡದ ವಿದ್ಯುತ್ ಮತ್ತು ನೀರಿನ ವ್ಯವಸ್ಥೆ ಬೇಕು. ನಮ್ಮ ಭಾಗದಲ್ಲಿ ಟ್ರೈನರ್ ಕೊಂಡು ಮೂಲೆಗಿಟ್ಟವರಲ್ಲಿ ಬಹುಪಾಲು ಮಂದಿ ಈ ಮೂರರಲ್ಲಿ ಒಂದನ್ನು ಕಡೆಗಣಿಸಿದವರೇ.

ಟ್ರೈನರ್ ಮಾಡುವ ಕೆಲಸ

ಸಾಧಾರಣ ಟ್ರೈನರ್ ಹಿಂದಿನ ಚಕ್ರಕ್ಕೆ ತಡೆ ಒಡ್ಡುತ್ತದೆ, ಅಷ್ಟೇ. ಸ್ಮಾರ್ಟ್ ಟ್ರೈನರ್ ಎರಡು ಹೆಚ್ಚಿನ ಕೆಲಸ ಮಾಡುತ್ತದೆ. ನೀವು ಪೆಡಲಿಗೆ ಹಾಕುತ್ತಿರುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುತ್ತದೆ. ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಲ್ಲಿರುವ ಆ್ಯಪ್ ಹೇಳಿದಂತೆ ತಡೆಯನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಪರದೆಯ ಮೇಲೆ ಏರು ಬಂದರೆ ಪೆಡಲ್ ಭಾರವಾಗುತ್ತದೆ, ಇಳಿಜಾರು ಬಂದರೆ ಹಗುರಾಗುತ್ತದೆ.

ಬಯಲುಸೀಮೆಯವರಾದ ನಮಗೆ ಇದರ ಲಾಭ ದೊಡ್ಡದು. ಬೆಳಗಾವಿಯವರಿಗೆ ಚೋರ್ಲಾ ಘಾಟ್ ಹತ್ತಿರವಿದೆ, ಅಂಬೋಲಿ ಇದೆ. ವಿಜಯಪುರದಿಂದ ಸೋಲಾಪುರ ರಸ್ತೆ ಹಿಡಿದರೂ ಕೊಲ್ಹಾರದ ಕಡೆ ಹೊರಟರೂ ಅರ್ಧ ಗಂಟೆ ಬಿಡದೆ ಏರುವ ದಾರಿ ಸಿಗುವುದಿಲ್ಲ. ಜ್ವಿಫ್ಟ್ ಆ್ಯಪ್‌ನಲ್ಲಿ ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರನ್ನು ಹೋಲುವ ಆಲ್ಪ್ ದು ಜ್ವಿಫ್ಟ್ ಎಂಬ ದಾರಿಯಿದೆ: 12.2 ಕಿಲೋಮೀಟರ್ ಉದ್ದ, 1,036 ಮೀಟರ್ ಏರಿಕೆ, 21 ತಿರುವು. ಎಪ್ಪತ್ತು ಕಿಲೋ ತೂಕದವರು 200 ವ್ಯಾಟ್‌ನಲ್ಲಿ ತುಳಿದರೆ ತುದಿ ಮುಟ್ಟಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಕಾಲಿಗೆ ವಿರಾಮವೇ ಸಿಗದ ಅಭ್ಯಾಸ ನಮ್ಮ ರಸ್ತೆಗಳಲ್ಲಿ ಆಗದು.

ಮನೆಯೊಳಗಿನ ಅಭ್ಯಾಸ ರಸ್ತೆಯ ಗೆಲುವಿಗೆ ನೆರವಾಗುತ್ತದೆಯೇ ಎಂಬ ಅನುಮಾನ ಇರುವವರು ಆಸ್ಟ್ರೇಲಿಯಾದ ವೃತ್ತಿಪರ ಸೈಕ್ಲಿಸ್ಟ್ ಮ್ಯಾಥ್ಯೂ ಹೇಮನ್ ಅವರನ್ನು ನೆನೆಯಬಹುದು. 2016ರ ಫೆಬ್ರುವರಿ ಕೊನೆಯಲ್ಲಿ ರೇಸೊಂದರಲ್ಲಿ ಬಿದ್ದು ಅವರ ಕೈಮೂಳೆ ಮುರಿಯಿತು. ಸುಮಾರು ಆರು ವಾರಗಳ ನಂತರ, ಏಪ್ರಿಲ್ 10ರಂದು, ಅವರು ಫ್ರಾನ್ಸಿನ ಹೆಸರಾಂತ ಒಂದು ದಿನದ ರೇಸ್ ಪ್ಯಾರಿಸ್–ರೂಬೆ ಗೆದ್ದರು. ನಡುವಿನ ದಿನಗಳಲ್ಲಿ ಅವರ ತಯಾರಿಯ ಬಹುಭಾಗ ನಡೆದದ್ದು ಮನೆಯಲ್ಲಿ, ಟ್ರೈನರ್ ಮೇಲೆ.

ಮೊದಲು ಕೋಣೆ

ಪೆಡಲಿನಲ್ಲಿ 200 ವ್ಯಾಟ್ ಕಾಣಿಸಬೇಕಾದರೆ ದೇಹ ಅದರ ಮೂರು ಪಟ್ಟಿಗೂ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಮನುಷ್ಯನ ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಲಾರವು. ಮುಚ್ಚಿದ ಕೋಣೆಯಲ್ಲಿ ಕುಳಿತು ತುಳಿಯುವವರು ಪಕ್ಕದಲ್ಲೊಂದು ಹೀಟರ್ ಹೊತ್ತಿಸಿಕೊಂಡ ಹಾಗೆಯೇ. ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ತಾನಾಗಿ ಮೈಗೆ ಬಡಿಯುತ್ತದೆ, ಒಳಗೆ ಅದಿಲ್ಲ. ದೇಹದ ಉಷ್ಣತೆ ಏರಿದಂತೆ ಅದೇ ವ್ಯಾಟ್‌ಗೆ ಹೃದಯ ಬಡಿತ ಮೇಲೇರುತ್ತಲೇ ಹೋಗುತ್ತದೆ. ಕಾಲಿನ ಶಕ್ತಿ ಉಳಿದಿದ್ದರೂ ಅಭ್ಯಾಸ ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಜಾಗದ ಆಯ್ಕೆ. ನೆಲಮಹಡಿಯ ಕೋಣೆ ಸಿಕ್ಕರೆ ಅದೇ ಉತ್ತಮ. ಮೇಲ್ಮಹಡಿಯ ಆರ್‌ಸಿಸಿ ಚಾವಣಿ ಹಗಲಿಡೀ ಹೀರಿಕೊಂಡ ಬಿಸಿಯನ್ನು ರಾತ್ರಿ ಹತ್ತರವರೆಗೂ ಕಾರುತ್ತದೆ, ಬೇಸಿಗೆಯ ಸಂಜೆ ಅಲ್ಲಿ ಟ್ರೈನರ್ ಏರುವುದೇ ಬೇಡ. ಬೆಳಗಿನ ಐದರಿಂದ ಏಳು ಗಂಟೆಯ ಅವಧಿ ನಮ್ಮ ಊರುಗಳಲ್ಲಿ ಅತ್ಯಂತ ತಂಪಿನದು. ಎದುರು ಬದುರು ಕಿಟಕಿ ಅಥವಾ ಕಿಟಕಿ ಬಾಗಿಲು ಇರುವ ಕೋಣೆಯನ್ನೇ ಆರಿಸಿಕೊಳ್ಳಿ.

ಫ್ಯಾನಿನ ವಿಷಯದಲ್ಲಿ ಜಿಪುಣತನ ಬೇಡ. ಸೀಲಿಂಗ್ ಫ್ಯಾನ್ ನೆತ್ತಿಗೆ ಗಾಳಿ ಕೊಡುತ್ತದೆಯೇ ಹೊರತು ಎದೆಗೆ ಕೊಡುವುದಿಲ್ಲ. ಒಳ್ಳೆಯ ಪೆಡೆಸ್ಟಲ್ ಫ್ಯಾನ್ ಒಂದನ್ನು ಹ್ಯಾಂಡಲ್‌ನ ಮುಂದೆ ಎದೆಗೂ ಮುಖಕ್ಕೂ ಬಡಿಯುವಂತೆ ನಿಲ್ಲಿಸಿ. ಇನ್ನೊಂದಿದ್ದರೆ ಪಕ್ಕದಿಂದ ಬೆನ್ನಿಗೆ ಬಿಡಿ. ಕೂಲರ್ ಇರುವವರು ಒಂದು ಸಂಗತಿ ಗಮನಿಸಬೇಕು. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಗಾಳಿ ಒಣ, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿ ಮುಚ್ಚಿಕೊಂಡು ಅದನ್ನು ಓಡಿಸಿದರೆ ಹತ್ತು ನಿಮಿಷದಲ್ಲಿ ಕೋಣೆಯ ಗಾಳಿ ತೇವದಿಂದ ಭಾರವಾಗಿ ಬೆವರು ಆರುವುದೇ ನಿಲ್ಲುತ್ತದೆ. ಕೂಲರ್‌ನ ಎದುರು ದಿಕ್ಕಿನ ಕಿಟಕಿ ತೆರೆದಿರಲೇಬೇಕು. ಜೂನ್ ನಂತರ ಅದರಲ್ಲಿ ನೀರು ಹಾಕದೆ ಬರೀ ಫ್ಯಾನಿನಂತೆ ಬಳಸಿ.

ಇನ್ನು ವಿದ್ಯುತ್. ಟ್ರೈನರ್‌ಗೆ ಬೇಕಾಗುವ ವಿದ್ಯುತ್ ಕಡಿಮೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ತಿಳಿಯುತ್ತದೆ. 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಹೆಚ್ಚೆಂದರೆ 60 ವ್ಯಾಟ್. ಮನೆಯ ಇನ್ವರ್ಟರ್ ಇದನ್ನು ಸುಲಭವಾಗಿ ಹೊರುತ್ತದೆ, ಆದರೆ ಅದು ಸೈನ್‌ವೇವ್ ಮಾದರಿಯದಾಗಿದ್ದರೆ ಒಳ್ಳೆಯದು. ಟ್ರೈನರ್, ಫ್ಯಾನ್ ಮತ್ತು ವೈಫೈ ರೂಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ರೂಟರ್ ಸೇರಿಸುವುದನ್ನು ಮರೆತರೆ ಟ್ರೈನರ್ ನಡೆಯುತ್ತಿದ್ದರೂ ಆ್ಯಪ್ ನಿಲ್ಲಬಹುದು. ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡಿಗೇ ಅಡಾಪ್ಟರ್ ಸಿಕ್ಕಿಸಿ. ಮಳೆಗಾಲದ ಮೊದಲ ಗುಡುಗಿಗೆ ಪ್ಲಗ್ ಕಿತ್ತಿಡಿ. ಹಲವು ಟ್ರೈನರ್‌ಗಳಲ್ಲಿ ಕರೆಂಟ್ ಹೋದ ಕ್ಷಣ ತಡೆ ಇಲ್ಲವಾಗಿ ಪೆಡಲ್ ಹಗುರಾಗುತ್ತದೆ. ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿಯುತ್ತಿದ್ದರೆ ಕಾಲು ಜಾರುವ ಅಪಾಯವಿದೆ. ಇನ್ವರ್ಟರ್ ಇಲ್ಲದ ಮನೆಯಲ್ಲಿ ನಿಂತು ಸ್ಪ್ರಿಂಟ್ ಹೊಡೆಯುವ ಅಭ್ಯಾಸವನ್ನು ಇಟ್ಟುಕೊಳ್ಳಬೇಡಿ.

ನೆಲ ಫರಸಿಯದಾಗಿರಲಿ, ಟೈಲ್ಸಿನದಾಗಿರಲಿ, ಕೆಳಗೆ ದಪ್ಪ ರಬ್ಬರ್ ಚಾಪೆ ಹಾಸಿ. ಬೆವರು ಬಿದ್ದ ಫರಸಿಯ ಮೇಲೆ ಕ್ಲೀಟ್ ಬೂಟಿನಲ್ಲಿ (ಪೆಡಲಿಗೆ ಕಚ್ಚಿಕೊಳ್ಳುವ ಬಿಲ್ಲೆ ಇರುವ ಬೂಟು) ಇಳಿದರೆ ಜಾರುವುದು ಗ್ಯಾರಂಟಿ. ಚಾಪೆ ಅದುರುವಿಕೆಯನ್ನೂ ತಗ್ಗಿಸುತ್ತದೆ; ಕೆಳಮನೆಯವರಿಗೆ ಕೇಳಿಸುವುದು ಯಂತ್ರದ ಸದ್ದಲ್ಲ, ನೆಲದ ಮೂಲಕ ಇಳಿಯುವ ಗುಂಯ್‌ಗುಡುವಿಕೆ.

ಯಾವ ಟ್ರೈನರ್ ಕೊಳ್ಳಬೇಕು

ಎರಡು ಬಗೆ ಇವೆ. ಒಂದರಲ್ಲಿ ಹಿಂದಿನ ಚಕ್ರ ಹಾಗೆಯೇ ಇದ್ದು ಟಯರ್ ಒಂದು ರೋಲರ್‌ಗೆ ಒತ್ತಿಕೊಂಡು ತಿರುಗುತ್ತದೆ. ಬೆಲೆ ಕಡಿಮೆ, ಜೋಡಿಸುವುದು ಸುಲಭ. ಆದರೆ ಟಯರ್ ಸವೆಯುತ್ತದೆ, ಸದ್ದು ಹೆಚ್ಚು, ಮತ್ತು ಟಯರಿನ ಗಾಳಿ ಸ್ವಲ್ಪ ಬದಲಾದರೂ ಅಳತೆ ಬದಲಾಗುತ್ತದೆ. ಇನ್ನೊಂದು ಡೈರೆಕ್ಟ್ ಡ್ರೈವ್: ಹಿಂದಿನ ಚಕ್ರವನ್ನೇ ತೆಗೆದು, ಟ್ರೈನರ್‌ನಲ್ಲಿರುವ ಕ್ಯಾಸೆಟ್‌ಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಚೈನ್ ಹಾಕುತ್ತೇವೆ. ಸದ್ದು ಕಡಿಮೆ, ಅಳತೆ ನಂಬಿಕೆಗೆ ಅರ್ಹ. ಮಧ್ಯಮ ದರ್ಜೆಯವುಗಳ ತಪ್ಪು ಶೇ 2ರ ಆಸುಪಾಸು, ಮೇಲ್ದರ್ಜೆಯವುಗಳದ್ದು ಶೇ 1 ಎಂದು ತಯಾರಕರು ಹೇಳುತ್ತಾರೆ. ವಾಹೂ, ಟ್ಯಾಕ್ಸ್, ಎಲೀಟ್ ಹೆಸರುವಾಸಿ ಕಂಪನಿಗಳು. ಟ್ಯಾಕ್ಸ್ ನಿಯೋ ಸರಣಿಯ ಟ್ರೈನರ್‌ಗೆ ವಿದ್ಯುತ್ ಸಂಪರ್ಕ ಇಲ್ಲದಿದ್ದರೂ ತುಳಿತದಿಂದಲೇ ಶಕ್ತಿ ಪಡೆದು ನಡೆಯುವ ಗುಣವಿದೆ. ಕರೆಂಟ್ ಹೋಗಿ ಬಂದು ಮಾಡುವ ಹಳ್ಳಿಗಳಲ್ಲಿ ಇರುವವರು ಇದನ್ನು ಗಮನದಲ್ಲಿಡಬಹುದು, ಬೆಲೆ ಮಾತ್ರ ದುಬಾರಿ.

ನನ್ನ ಸಲಹೆ ನೇರವಾಗಿದೆ. ರೇಸಿಗೆ ತಯಾರಾಗುವವರು ಮಧ್ಯಮ ದರ್ಜೆಯ ಡೈರೆಕ್ಟ್ ಡ್ರೈವ್ ಕೊಳ್ಳಲಿ. ಆರೋಗ್ಯಕ್ಕಾಗಿ ತುಳಿಯುವವರಿಗೆ ರೋಲರ್ ಮಾದರಿ ಸಾಕು. 2,000 ವ್ಯಾಟ್ ತಡೆಯುತ್ತದೆ, 25 ಪ್ರತಿಶತ ಏರನ್ನು ತೋರಿಸುತ್ತದೆ ಎಂಬ ಜಾಹೀರಾತಿಗೆ ಹೆಚ್ಚು ಹಣ ತೆರಬೇಕಾಗಿಲ್ಲ, ಅಷ್ಟು ತುಳಿಯುವವರು ವಿರಳ. ಹೊರ ಊರುಗಳಿಂದ ತರಿಸುವವರು ಹಣ ಕಟ್ಟುವ ಮೊದಲೇ ವಾರಂಟಿಯಲ್ಲಿ ದುರಸ್ತಿ ಎಲ್ಲಿ ಆಗುತ್ತದೆ, ಸಾಗಣೆ ವೆಚ್ಚ ಯಾರದು ಎಂದು ಬರಹದಲ್ಲಿ ಕೇಳಿಕೊಳ್ಳಿ. ಹದಿನೈದು ಇಪ್ಪತ್ತು ಕಿಲೋ ತೂಗುವ ಯಂತ್ರ ಅದು. ಮೂಲ ಪೆಟ್ಟಿಗೆಯನ್ನು ರದ್ದಿಗೆ ಹಾಕದೆ ಅಟ್ಟದ ಮೇಲಿಡಿ.

ಕೊಳ್ಳುವ ಮುನ್ನ ಸೈಕಲ್ ನೋಡಿಕೊಳ್ಳಿ. ಹಿಂದಿನ ಚಕ್ರ ಹಿಡಿದಿರುವುದು ಕ್ವಿಕ್ ರಿಲೀಸ್ ಕಡ್ಡಿಯೋ, ದಪ್ಪನೆಯ ಥ್ರೂ ಆ್ಯಕ್ಸಲೋ? ಕ್ಯಾಸೆಟ್ ಎಷ್ಟು ಹಲ್ಲುಚಕ್ರಗಳದ್ದು, ಎಂಟೋ ಹನ್ನೊಂದೋ? ಇವೆರಡನ್ನು ಮಾರುವವರಿಗೆ ಹೇಳಿದರೆ ತಕ್ಕ ಅಡಾಪ್ಟರ್ ಕೊಡುತ್ತಾರೆ. ಕಾರ್ಬನ್ ಫ್ರೇಮ್ ಇರುವವರು ಟ್ರೈನರ್ ಬಳಕೆಗೆ ಫ್ರೇಮ್‌ನ ವಾರಂಟಿ ಒಪ್ಪುತ್ತದೆಯೇ ಎಂದು ಓದಿಕೊಳ್ಳಬೇಕು.

ಸೈಕಲ್ ಕೂರಿಸುವ ಬಗೆ

ಕ್ಯಾಸೆಟ್ ಹಾಕುವುದು ಹೊಸಬರಿಗೆ ಅಂಜಿಕೆ ಹುಟ್ಟಿಸುವ ಕೆಲಸ. ವಾಸ್ತವದಲ್ಲಿ ಹತ್ತು ನಿಮಿಷದ್ದು. ಟ್ರೈನರ್‌ನ ಫ್ರೀಹಬ್ (ಕ್ಯಾಸೆಟ್ ಕೂರುವ ಉರುಳೆ) ಮೇಲೆ ಉದ್ದಕ್ಕೂ ತೋಡುಗಳು ಕೊರೆದಿರುತ್ತವೆ, ಅವುಗಳಲ್ಲಿ ಒಂದರ ಅಗಲ ಮಾತ್ರ ಬೇರೆ. ದೊಡ್ಡ ಹಲ್ಲುಚಕ್ರವನ್ನು ಟ್ರೈನರ್ ಕಡೆಗೆ ಮಾಡಿ ಹಿಡಿದು, ಒಳಗಿನ ಹಲ್ಲುಗಳಲ್ಲಿ ಆ ಬೇರೆ ಅಗಲದ್ದನ್ನು ಹುಡುಕಿ ಹೊಂದಿಸಿದರೆ ಕ್ಯಾಸೆಟ್ ಸರಾಗವಾಗಿ ಜಾರಿ ಕೂರುತ್ತದೆ. ಬಲ ಹಾಕಿ ಒತ್ತಬೇಕಾಗಿ ಬಂದರೆ ಹೊಂದಿಲ್ಲ ಎಂದೇ ಅರ್ಥ, ಬಿಚ್ಚಿ ಮತ್ತೆ ನೋಡಿ. ಹನ್ನೊಂದು ಗೇರಿನ ಫ್ರೀಹಬ್‌ಗೆ ಎಂಟು, ಒಂಬತ್ತು ಅಥವಾ ಹತ್ತು ಗೇರಿನ ಕ್ಯಾಸೆಟ್ ಹಾಕುವಾಗ ಮೊದಲು ತೆಳುವಾದ ಸ್ಪೇಸರ್ ಉಂಗುರವೊಂದನ್ನು ಹಾಕಬೇಕು. ಪೆಟ್ಟಿಗೆಯ ತಳದಲ್ಲಿ ಸಣ್ಣ ಪೊಟ್ಟಣದಲ್ಲಿ ಅದು ಸಿಗುತ್ತದೆ. ಕೊನೆಗೆ ಕ್ಯಾಸೆಟ್ ಕದಲದಂತೆ ಹಿಡಿಯುವ ಉಂಗುರ, ಅಂದರೆ ಲಾಕ್‌ರಿಂಗ್. ಮೊದಲು ಕೈಯಿಂದಲೇ ತಿರುಗಿಸಿ ಎಳೆ ಹಿಡಿದಿದೆ ಎಂದು ಖಾತ್ರಿ ಮಾಡಿಕೊಂಡು, ಬಳಿಕ ಅದರ ಹಲ್ಲಿನ ಉಪಕರಣದಿಂದ ಬಿಗಿಯಿರಿ. ಬಿಗಿಯುತ್ತ ಹೋದಂತೆ ಕಟ್ ಕಟ್ ಎಂದು ಸದ್ದು ಬರುತ್ತದೆ. ಅದು ಮುರಿಯುವ ಸದ್ದಲ್ಲ, ಗೆರೆಗಳು ಕಚ್ಚಿಕೊಳ್ಳುವ ಸದ್ದು. ಉಂಗುರದ ಮೇಲೆ 40 ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ, ಅಂದರೆ ಸಾಕಷ್ಟು ಗಟ್ಟಿಯಾಗಿಯೇ ಬಿಗಿಯಬೇಕು. ಕ್ಯಾಸೆಟ್ ಹಿಡಿದು ಅಲ್ಲಾಡಿಸಿದರೆ ಒಂದಿಷ್ಟೂ ಕದಲಬಾರದು.

ಸೈಕಲ್ ಕೂರಿಸುವ ಮುನ್ನ ಗೇರನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತನ್ನಿ. ಚಕ್ರ ತೆಗೆಯುವುದೂ ಚೈನ್ ಹಾಕುವುದೂ ಸುಲಭವಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಕೂಡಲೇ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಸಿಕ್ಕಿಸಿ. ಅದಿಲ್ಲದೆ ಯಾರಾದರೂ ಬ್ರೇಕ್ ಹಿಡಿದರೆ ಪಿಸ್ಟನ್‌ಗಳು ಒಳಕ್ಕೆ ಕೂಡಿಕೊಂಡು ಮತ್ತೆ ಡಿಸ್ಕ್ ತೂರುವುದಿಲ್ಲ. ಆ್ಯಕ್ಸಲ್ ಬಿಗಿದ ಮೇಲೆ ಮೇಲೆ ಕುಳಿತು ಎಡಕ್ಕೂ ಬಲಕ್ಕೂ ವಾಲಿ ನೋಡಿ. ನಂತರ ಎಲ್ಲ ಗೇರುಗಳನ್ನೂ ಒಮ್ಮೆ ಹಾಯಿಸಿ. ಎಲ್ಲಾದರೂ ಚೈನ್ ಕಿರುಗುಟ್ಟಿದರೆ ಗೇರ್ ಬದಲಿಸುವ ಡಿರೇಲರ್‌ನ ಕೇಬಲ್ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಬಹುತೇಕ ಸರಿಹೋಗುತ್ತದೆ.

ಮಕ್ಕಳಿರುವ ಮನೆಯವರಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. ನೀವು ತುಳಿಯುವುದು ನಿಲ್ಲಿಸಿದ ಮೇಲೂ ಟ್ರೈನರ್‌ನ ಭಾರದ ಚಕ್ರ, ಅಂದರೆ ಫ್ಲೈವೀಲ್, ತಿರುಗುತ್ತಲೇ ಇರುತ್ತದೆ. ಮಗುವಿನ ಬೆರಳು, ಸೀರೆಯ ಸೆರಗು, ಓಢಣಿ ಸಿಕ್ಕಿಕೊಂಡರೆ ಅನಾಹುತ. ಅಭ್ಯಾಸದ ಹೊತ್ತಿನಲ್ಲಿ ಬಾಗಿಲ ಚಿಲಕ ಹಾಕಿ, ಮುಗಿದ ಮೇಲೆ ಫ್ಲೈವೀಲ್ ಪೂರ್ತಿ ನಿಂತ ಮೇಲೆಯೇ ಇಳಿಯಿರಿ.

ಆ್ಯಪ್ ಮತ್ತು ಜೋಡಣೆ

ಜ್ವಿಫ್ಟ್‌ನಲ್ಲಿ ಹೆಚ್ಚು ಜನರಿದ್ದಾರೆ, ಯಾವ ಹೊತ್ತಿಗೆ ಹೋದರೂ ಜೊತೆಗಾರರು ಸಿಗುತ್ತಾರೆ. ತಿಂಗಳ ಚಂದಾ ಡಾಲರ್ ಲೆಕ್ಕದ್ದು, ನಮಗೆ ಭಾರವೇ. ಮೈವೂಶ್ ಉಚಿತ. ವಿಶ್ವ ಸೈಕ್ಲಿಂಗ್ ಸಂಸ್ಥೆಯ 2024ರ ಇ–ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ಅಬುಧಾಬಿಯಲ್ಲಿ ಇದೇ ವೇದಿಕೆಯ ಮೇಲೆ ನಡೆಯಿತು, ಆದ್ದರಿಂದ ಉಚಿತವೆಂದು ಹಗುರವಾಗಿ ಕಾಣಬೇಕಾಗಿಲ್ಲ. ರೂವಿ ನಿಜವಾದ ರಸ್ತೆಗಳ ವಿಡಿಯೋ ತೋರಿಸುತ್ತದೆ, ನೋಡಲು ಚೆಂದ, ಡೇಟಾ ಮಾತ್ರ ಹೆಚ್ಚು ತಿನ್ನುತ್ತದೆ. ಟ್ರೈನರ್‌ರೋಡ್‌ನಲ್ಲಿ ಚಿತ್ರವಿಲ್ಲ, ಬರೀ ಗೆರೆ ಮತ್ತು ಅಂಕಿ. ಶಿಸ್ತಿನ ಅಭ್ಯಾಸಕ್ಕೆ ಅದು ಚೆನ್ನ. ವಿಜಯಪುರದ ಕ್ರೀಡಾ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಮೈವೂಶ್‌ನಿಂದಲೇ ಶುರು ಮಾಡಿ ಎಂದು. ಉಳಿದ ಹಣ ಟಯರಿಗೂ ಊಟಕ್ಕೂ ಆಗಲಿ.

ಆ್ಯಪ್ ಇಳಿಸಿಕೊಳ್ಳುವಾಗ ಡೇಟಾ ಹೆಚ್ಚು ಬೇಕು, ಹಲವು ಜಿಬಿ. ಇದನ್ನು ಹಿಂದಿನ ರಾತ್ರಿಯೇ ಮುಗಿಸಿ. ಜ್ವಿಫ್ಟ್‌ನಂಥ ಆ್ಯಪ್‌ಗಳಿಗೆ ತುಳಿಯುವಾಗ ಬೇಕಾಗುವ ಡೇಟಾ ಕಡಿಮೆ, ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಜೋಡಣೆಯಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಮೊಬೈಲಿನ ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ಟ್ರೈನರ್ ಅನ್ನು ಜೋಡಿಸಬಾರದು. ಬ್ಲೂಟೂತ್ ಚಾಲೂ ಮಾಡಿ, ಆ್ಯಪ್ ತೆರೆದು, ಆ್ಯಪ್ ಒಳಗಿನ ಜೋಡಣೆ ಪರದೆಯಲ್ಲಿಯೇ ಟ್ರೈನರ್ ಹೆಸರನ್ನು ಆರಿಸಬೇಕು. ಅನೇಕ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಂದೇ ಸಾಧನದ ಜೊತೆ ಮಾತಾಡುತ್ತವೆ. ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ ಎಂದರೆ ತಯಾರಕರ ಆ್ಯಪ್ ನಿಮ್ಮ ಮೊಬೈಲಿನಲ್ಲಿ ಹಿನ್ನೆಲೆಯಲ್ಲಿ ಅದನ್ನು ಹಿಡಿದುಕೊಂಡಿರುತ್ತದೆ. ಅದನ್ನು ಪೂರ್ತಿ ಮುಚ್ಚಿ. ಜೋಡಣೆ ಪರದೆಯಲ್ಲಿ ಶಕ್ತಿ, ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ), ತಡೆಯ ನಿಯಂತ್ರಣ, ಹೃದಯ ಬಡಿತ ಎಂಬ ಸ್ಥಾನಗಳಿರುತ್ತವೆ. ತಡೆಯ ನಿಯಂತ್ರಣದ ಸ್ಥಾನದಲ್ಲಿ ಟ್ರೈನರ್ ಕಾಣಿಸದಿದ್ದರೆ ಅಂಕಿಗಳು ಬರುತ್ತವೆ, ಏರು ಮಾತ್ರ ಕಾಲಿಗೆ ಹತ್ತುವುದಿಲ್ಲ.

ತೂಕವನ್ನು ಪ್ರಾಮಾಣಿಕವಾಗಿ ನಮೂದಿಸಿ. ಆ್ಯಪ್‌ನಲ್ಲಿ ಏರಿನ ವೇಗ ನಿರ್ಧಾರವಾಗುವುದು ಕಿಲೋಗೆ ಎಷ್ಟು ವ್ಯಾಟ್ ಎಂಬುದರ ಮೇಲೆ. 200 ವ್ಯಾಟ್ ತುಳಿಯುವ 60 ಕಿಲೋದವರಿಗೆ ಕಿಲೋಗೆ 3.3 ವ್ಯಾಟ್, 80 ಕಿಲೋದವರಿಗೆ 2.5 ವ್ಯಾಟ್. ತೂಕ ಇಳಿಸಿ ಬರೆದರೆ ಪರದೆಯ ಮೇಲೆ ಮುಂದೆ ಹೋಗಬಹುದು, ಜೊತೆಗೆ ತುಳಿಯುವವರಿಗೆ ಅದು ಮೋಸ.

ಇನ್ನು ಅಳತೆ ಸರಿಪಡಿಸುವ ಕೆಲಸ. ರೋಲರ್ ಮಾದರಿಯವರು ಪ್ರತಿ ಸಲ ಟಯರಿಗೆ ಒಂದೇ ಪ್ರಮಾಣದ ಗಾಳಿ ಹಾಕಿ, ರೋಲರ್ ತಿರುಪನ್ನು ಅಷ್ಟೇ ಸುತ್ತು ಬಿಗಿದು, ಹತ್ತು ನಿಮಿಷ ತುಳಿದು ಯಂತ್ರ ಬಿಸಿಯಾದ ಮೇಲೆ ಸ್ಪಿನ್‌ಡೌನ್ ಮಾಡಬೇಕು: ಆ್ಯಪ್ ಹೇಳಿದ ವೇಗ ಮುಟ್ಟಿ ತುಳಿಯುವುದನ್ನು ಬಿಟ್ಟರೆ ಸಾಕು. ಬೆಲ್ಟ್ ಇರುವ ಡೈರೆಕ್ಟ್ ಡ್ರೈವ್‌ಗೆ ತಿಂಗಳಿಗೊಮ್ಮೆ ಅಥವಾ ಜಾಗ ಬದಲಿಸಿದಾಗ. ಹೊಸ ಮೇಲ್ದರ್ಜೆಯ ಕೆಲವಕ್ಕೆ ಬೇಕೇ ಇಲ್ಲ.

ನಿಮ್ಮ ಮಟ್ಟ ತಿಳಿಯುವ ಪರೀಕ್ಷೆ

ಒಂದು ಗಂಟೆಯ ಆಸುಪಾಸು ನೀವು ಕಾಯ್ದುಕೊಳ್ಳಬಲ್ಲ ಗರಿಷ್ಠ ಸರಾಸರಿ ಶಕ್ತಿಗೆ ಎಫ್‌ಟಿಪಿ ಎನ್ನುತ್ತಾರೆ. ಎಲ್ಲ ಅಭ್ಯಾಸಗಳ ಲೆಕ್ಕ ಅದರಿಂದಲೇ. ಕಂಡುಕೊಳ್ಳಲು ಎರಡು ದಾರಿ. 20 ನಿಮಿಷ ಸಾಧ್ಯವಾದಷ್ಟು ಗಟ್ಟಿಯಾಗಿ ತುಳಿದು, ಬಂದ ಸರಾಸರಿಯ ಶೇ 95 ತೆಗೆದುಕೊಳ್ಳುವುದು ಒಂದು. ರ‍್ಯಾಂಪ್ ಪರೀಕ್ಷೆ ಇನ್ನೊಂದು: ಜ್ವಿಫ್ಟ್‌ನಲ್ಲಿ 100 ವ್ಯಾಟ್‌ನಿಂದ ಶುರುವಾಗಿ ನಿಮಿಷಕ್ಕೆ 20 ವ್ಯಾಟ್ ಏರುತ್ತದೆ, ನೀವು ಸೋತು ನಿಲ್ಲುವವರೆಗೆ. ಅತ್ಯುತ್ತಮ ಒಂದು ನಿಮಿಷದ ಸರಾಸರಿಯ ಶೇ 75 ನಿಮ್ಮ ಎಫ್‌ಟಿಪಿ. 270 ವ್ಯಾಟ್ ಬಂದಿದ್ದರೆ 202.

ಹೊಸಬರಿಗೆ ರ‍್ಯಾಂಪ್ ಸುಲಭ, ಹೆದರಿಕೆ ಹುಟ್ಟಿಸುವುದು ಕೊನೆಯ ಎರಡು ಮೂರು ನಿಮಿಷ ಮಾತ್ರ. ಆದರೆ ಟ್ರ್ಯಾಕ್‌ನಲ್ಲಿ ಸ್ಪ್ರಿಂಟ್ ಮಾಡುವವರಿಗೆ ಇದು ಮೋಸದ ಅಂಕಿ ಕೊಡುತ್ತದೆ. ಅಲ್ಪಾವಧಿಯ ಸ್ಫೋಟಕ ಶಕ್ತಿ ಇರುವವರು ಕೊನೆಯ ಮೆಟ್ಟಿಲುಗಳನ್ನು ಅದರ ಬಲದಿಂದಲೇ ಹತ್ತಿಬಿಡುತ್ತಾರೆ; ಬಂದ ಅಂಕಿಯಲ್ಲಿ ಹತ್ತು ನಿಮಿಷವೂ ಉಳಿಯಲಾರರು. ನಮ್ಮಲ್ಲಿ ಟ್ರ್ಯಾಕ್ ಸೈಕ್ಲಿಸ್ಟ್‌ಗಳು ಹೆಚ್ಚಾಗಿರುವುದರಿಂದ ಈ ಮಾತು ಮುಖ್ಯ. ಅವರು 20 ನಿಮಿಷದ ಪರೀಕ್ಷೆಯನ್ನೇ ಮಾಡಲಿ. ಎರಡು ದಿನ ಹಗುರ ಅಭ್ಯಾಸ, ಚೆನ್ನಾಗಿ ನಿದ್ದೆ, ಬೆಳಗಿನ ತಂಪು ಹೊತ್ತು, ಅದೇ ಫ್ಯಾನ್: ಪರೀಕ್ಷೆಗೆ ಇಷ್ಟು ಪ್ರತಿ ಸಲ ಒಂದೇ ತೆರನಾಗಿರಲಿ. ಮಾರ್ಚ್‌ನ ಅಂಕಿಗಿಂತ ಮೇ ತಿಂಗಳ ಅಂಕಿ ಕಡಿಮೆ ಬಂದರೆ ಕಾಲು ಸೋತಿದೆ ಎಂದು ಕುಗ್ಗಬೇಡಿ. ಅದು ಕೋಣೆಯ ಬಿಸಿಯ ಲೆಕ್ಕವೂ ಆಗಿರಬಹುದು.

ಎರ್ಗ್ ಮೋಡ್

ಸ್ಮಾರ್ಟ್ ಟ್ರೈನರ್‌ನ ಜೀವಾಳ ಇದು. ಆ್ಯಪ್ 190 ವ್ಯಾಟ್ ಎಂದು ನಿಗದಿ ಮಾಡಿದರೆ, ನೀವು ಯಾವ ಗೇರಿನಲ್ಲಿದ್ದರೂ, ಎಷ್ಟು ವೇಗವಾಗಿ ತುಳಿದರೂ, ಟ್ರೈನರ್ ತಡೆಯನ್ನು ಹೊಂದಿಸಿಕೊಂಡು 190ರಲ್ಲೇ ಇಡುತ್ತದೆ. ರಸ್ತೆಯಲ್ಲಿ ಗಾಳಿ, ಗುಂಡಿ, ದನಕರು, ಸಿಗ್ನಲ್ ಎಲ್ಲ ಸೇರಿ ಶಕ್ತಿಯನ್ನು ಮೇಲೆ ಕೆಳಗೆ ಎಳೆಯುತ್ತವೆ. ಇಲ್ಲಿ ಹತ್ತು ನಿಮಿಷವೆಂದರೆ ಪೂರ್ತಿ ಹತ್ತು ನಿಮಿಷ.

ಆದರೆ ಒಂದು ಬಲೆ ಇದೆ. ಶಕ್ತಿ ಎಂದರೆ ಪೆಡಲಿಗೆ ಹಾಕುವ ತಿರುಗುಬಲ ಮತ್ತು ತಿರುಗುವ ವೇಗದ ಗುಣಲಬ್ಧ. 200 ವ್ಯಾಟ್‌ಗೆ ನಿಮಿಷಕ್ಕೆ 90 ಸುತ್ತಿನಲ್ಲಿ ಸುಮಾರು 21 ನ್ಯೂಟನ್ ಮೀಟರ್ ಸಾಕು. 60 ಸುತ್ತಿಗೆ ಇಳಿದರೆ 32 ಬೇಕು, 45ಕ್ಕೆ ಇಳಿದರೆ 42. ದಣಿವಿನಿಂದ ಕಾಲು ನಿಧಾನವಾದಷ್ಟೂ ಟ್ರೈನರ್ ತಡೆ ಏರಿಸುತ್ತದೆ, ತಡೆ ಏರಿದಷ್ಟೂ ಕಾಲು ಇನ್ನೂ ನಿಧಾನವಾಗುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪೆಡಲ್ ಗೋಡೆಯಂತೆ ನಿಂತುಬಿಡುತ್ತದೆ. ಹಲ್ಲು ಕಚ್ಚಿ ಒತ್ತಿದರೆ ಮಂಡಿಗೆ ಪೆಟ್ಟು. ತುಳಿಯುವುದನ್ನು ಪೂರ್ತಿ ನಿಲ್ಲಿಸಿ, ತಡೆ ಬಿಟ್ಟ ಮೇಲೆ ಹಗುರಾಗಿ 90 ಸುತ್ತು ಮುಟ್ಟಿಸಿದರೆ ಆ್ಯಪ್ ನಿಧಾನವಾಗಿ ಮತ್ತೆ ಭಾರ ಹೇರುತ್ತದೆ. ಮತ್ತೂ ಆಗುತ್ತಿಲ್ಲ ಎಂದರೆ ಆ ದಿನದ ತೀವ್ರತೆಯನ್ನು ಶೇ 5ರಷ್ಟು ಇಳಿಸಿ. ಎಲ್ಲ ಆ್ಯಪ್‌ಗಳಲ್ಲೂ ಆ ಗುಂಡಿ ಇರುತ್ತದೆ, ಅದನ್ನು ಒತ್ತುವುದರಲ್ಲಿ ಅವಮಾನವಿಲ್ಲ. ಬಲವಾದ ಸುತ್ತು ಶುರುವಾಗುವ ಐದು ಸೆಕೆಂಡು ಮೊದಲೇ ಕೇಡೆನ್ಸ್ ಸ್ವಲ್ಪ ಏರಿಸಿಕೊಂಡಿದ್ದರೆ ಈ ಬಲೆಗೆ ಬೀಳುವುದೇ ಕಡಿಮೆ. ಸ್ಪ್ರಿಂಟ್ ಅಭ್ಯಾಸಕ್ಕೆ ಎರ್ಗ್ ಬಂದ್ ಮಾಡಿಡಿ, ಅಷ್ಟು ಬೇಗ ತಡೆ ಬದಲಿಸುವುದು ಯಂತ್ರಕ್ಕೆ ಆಗದು.

ಗೇರ್ ಬದಲಿಸಿದರೆ ವ್ಯಾಟ್ ಬದಲಾಗದಿದ್ದರೂ ಅನುಭವ ಬದಲಾಗುತ್ತದೆ. ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರದಲ್ಲಿ ಫ್ಲೈವೀಲ್ ವೇಗವಾಗಿ ತಿರುಗಿ ಬಯಲು ರಸ್ತೆಯಂತೆ ಸರಾಗ. ಸಣ್ಣ ಹಲ್ಲುಚಕ್ರದಲ್ಲಿ ಏರಿನಂತೆ ಜಗ್ಗುತ್ತದೆ. ಏರಿನ ರೇಸಿಗೆ ತಯಾರಾಗುವವರು ಬೇಕೆಂದೇ ಸಣ್ಣದನ್ನು ಬಳಸಿ. ಎರ್ಗ್ ಇಲ್ಲದ ಸಾಧಾರಣ ಸವಾರಿಗೆ ಜ್ವಿಫ್ಟ್‌ನಲ್ಲಿ ಏರಿನ ತೀವ್ರತೆಯ ಅಳತೆಪಟ್ಟಿ ಇದೆ. ಅದು ಮೊದಲಿಗೆ ಶೇ 50ಕ್ಕೆ ಇಟ್ಟಿರುತ್ತದೆ, ಅಂದರೆ 10 ಪ್ರತಿಶತ ಏರು ಕಾಲಿಗೆ 5ರಂತೆ ತಾಗುತ್ತದೆ. ವೇಗದ ಲೆಕ್ಕಕ್ಕೆ ಇದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ.

ಒಂದು ವಾರ ಹೇಗಿರಬೇಕು

ಎಫ್‌ಟಿಪಿ 200 ಎಂದಿಟ್ಟುಕೊಳ್ಳಿ. ಮಂಗಳವಾರ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿ, 190ರಿಂದ 200 ವ್ಯಾಟ್‌ನಲ್ಲಿ ಹತ್ತು ನಿಮಿಷದ ಮೂರು ಸುತ್ತು, ನಡುವೆ ಐದು ನಿಮಿಷ ಹಗುರ ತುಳಿತ. ಗುರುವಾರ 230 ವ್ಯಾಟ್‌ನಲ್ಲಿ ಮೂರು ನಿಮಿಷದ ಐದು ಸುತ್ತು, ನಡುವೆ ಮೂರು ನಿಮಿಷ ವಿರಾಮ. ಮೂರನೆಯದು ಬೇಕೆನಿಸಿದರೆ ಶನಿವಾರ 112ರಿಂದ 150 ವ್ಯಾಟ್‌ನಲ್ಲಿ, ಮಾತಾಡಿಕೊಂಡು ತುಳಿಯಬಹುದಾದಷ್ಟು ಹಗುರವಾಗಿ, ಮುಕ್ಕಾಲು ಗಂಟೆ. ಭಾನುವಾರ ಟ್ರೈನರ್ ಬಿಟ್ಟು ರಸ್ತೆಗೆ ಹೋಗಲೇಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆ, ಗುಂಪಿನಲ್ಲಿ. ತಿರುವು, ಬ್ರೇಕ್, ಎದುರುಗಾಳಿಯಲ್ಲಿ ಸರದಿ ಬದಲಿಸುವುದು, ಮುಂದಿನವರ ಚಕ್ರದ ಹಿಂದೆ ಗೇಣು ಅಂತರದಲ್ಲಿ ನಿಲ್ಲುವುದು, ಇವು ಯಾವ ಪರದೆಯೂ ಕಲಿಸದ ವಿದ್ಯೆಗಳು.

ಮನೆಯೊಳಗಿನ ಒಂದು ಗಂಟೆ ರಸ್ತೆಯ ಒಂದು ಗಂಟೆಗಿಂತ ಭಾರ, ಏಕೆಂದರೆ ತುಳಿಯದೆ ಉರುಳುವ ಕ್ಷಣವೇ ಇಲ್ಲ. ಪೃಷ್ಠಕ್ಕೂ ಬಿಡುವಿಲ್ಲ. ಪ್ರತಿ ಎಂಟು ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಇಪ್ಪತ್ತು ಸೆಕೆಂಡು ತುಳಿಯಿರಿ. ಆರಂಭದಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ.

ನೀರು, ಉಪ್ಪು, ತಿನಿಸು

ತುಳಿಯುವ ಮೊದಲೂ ನಂತರವೂ ಬೆವರು ಒರೆಸಿಕೊಂಡು ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದನ್ನು ಬಿಟ್ಟು ಇನ್ನೂ ಒಂದು ಲೀಟರಿನಷ್ಟು ನೀರು ಹೋಗಿದೆ ಎಂದು ಲೆಕ್ಕ. ಗಂಟೆಯೊಳಗಿನ ಅಭ್ಯಾಸಕ್ಕೆ ಇಂಡಿ ತಾಲ್ಲೂಕಿನ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ಶರಬತ್ತಿಗಿಂತ ದುಬಾರಿ ಪುಡಿಗಳ ಅಗತ್ಯವಿಲ್ಲ. ಅದಕ್ಕಿಂತ ಉದ್ದದ್ದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ವಿಜಯಪುರದ ಒಣದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದ್ದು: ತೂಕದ ಮುಕ್ಕಾಲು ಭಾಗ ಕಾರ್ಬೋಹೈಡ್ರೇಟ್, 40 ಗ್ರಾಂ ತಿಂದರೆ 30 ಗ್ರಾಂ ಸಿಕ್ಕಂತೆ. ಅಮೀನಗಡದ ಕರದಂಟು ರುಚಿಕರ, ಆದರೆ ಒಣಹಣ್ಣು, ಅಂಟು, ತುಪ್ಪ ಇರುವುದರಿಂದ ನಿಧಾನಕ್ಕೆ ಕರಗುತ್ತದೆ; ಮುಗಿದ ಮೇಲೆ ತಿನ್ನಿ. ಮಜ್ಜಿಗೆಯೂ ನಂತರಕ್ಕೇ ಇರಲಿ. ತಲೆ ಸುತ್ತಿದರೆ, ಬಿಸಿಯಲ್ಲೂ ಚಳಿ ಬಂದಂತಾದರೆ, ಬೆವರು ನಿಂತರೆ ಆ ಕ್ಷಣವೇ ಇಳಿದು ತಲೆ ಕುತ್ತಿಗೆಗೆ ತಣ್ಣೀರು ಹಾಕಿಕೊಳ್ಳಿ, ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿನಲ್ಲಿ ಚೇತರಿಕೆ ಕಾಣದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಯಂತ್ರ, ನಾಲ್ವರು

ಪ್ರತಿಯೊಬ್ಬರೂ ಟ್ರೈನರ್ ಕೊಳ್ಳಬೇಕಾಗಿಲ್ಲ. ಓಣಿಯ ನಾಲ್ಕು ಗೆಳೆಯರು, ಒಂದು ಕ್ಲಬ್, ಒಂದು ಗರಡಿಮನೆ ಸೇರಿ ಒಂದನ್ನು ತರಿಸಿದರೆ ಖರ್ಚು ಕೈಗೆಟಕುತ್ತದೆ. ಎಲ್ಲರ ಸೈಕಲ್ಲೂ ಅಷ್ಟೇ ಗೇರಿನ ಕ್ಯಾಸೆಟ್ಟಿನವಾಗಿದ್ದರೆ ಬದಲಾವಣೆ ಎರಡು ನಿಮಿಷದ ಕೆಲಸ. ಆ್ಯಪ್‌ನಲ್ಲಿ ಮಾತ್ರ ಪ್ರತಿಯೊಬ್ಬರದೂ ಬೇರೆ ಖಾತೆ, ಬೇರೆ ತೂಕ, ಬೇರೆ ಎಫ್‌ಟಿಪಿ ಇರಬೇಕು. ಬೇರೆಯವರ ಅಂಕಿಯಲ್ಲಿ ಅಭ್ಯಾಸ ಮಾಡಿದರೆ ಒಬ್ಬರಿಗೆ ವ್ಯರ್ಥ, ಇನ್ನೊಬ್ಬರಿಗೆ ಗಾಯ.

ಬೆವರಿನ ಉಪ್ಪು ಸೈಕಲ್ಲಿನ ಶತ್ರು. ಹ್ಯಾಂಡಲ್ ಮತ್ತು ಮೇಲಿನ ಪೈಪಿನ ಮೇಲೆ ಟವೆಲ್ ಹಾಸಿ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಹ್ಯಾಂಡಲ್ ತಿರುಗುವ ಜಾಗದ, ಅಂದರೆ ಹೆಡ್‌ಸೆಟ್‌ನ, ಬೋಲ್ಟುಗಳು ಒಳಗೊಳಗೇ ತುಕ್ಕು ಹಿಡಿಯುತ್ತವೆ. ಎರಡು ತಿಂಗಳಿಗೊಮ್ಮೆ ಹ್ಯಾಂಡಲ್ ಪಟ್ಟಿ ಬಿಚ್ಚಿ ಕೆಳಗೂ ನೋಡಿ.

ಟ್ರೈನರ್‌ನಿಂದ ತೆಗೆದು ಭಾನುವಾರ ರಸ್ತೆಗೆ ಹೊರಡುವ ಮುನ್ನ ಬ್ರೇಕ್ ಪ್ಯಾಡಿನ ಸ್ಪೇಸರ್ ತೆಗೆದಿದ್ದೀರಾ, ಆ್ಯಕ್ಸಲ್ ಅಥವಾ ಕ್ವಿಕ್ ರಿಲೀಸ್ ಬಿಗಿಯಾಗಿದೆಯೇ, ಟಯರಿನಲ್ಲಿ ಗಾಳಿ ಇದೆಯೇ, ಗೇರುಗಳು ಆ ಚಕ್ರದ ಕ್ಯಾಸೆಟ್‌ಗೆ ಸರಿಯಾಗಿ ಹಾಯುತ್ತವೆಯೇ ಎಂದು ಈ ಕ್ರಮದಲ್ಲೇ ನೋಡಿ. ನಂತರ ಅಂಗಳದಲ್ಲಿ ಹತ್ತು ಹೆಜ್ಜೆ ತಳ್ಳಿ, ಎರಡೂ ಬ್ರೇಕ್ ಹಿಡಿದು, ಚಕ್ರ ನಿಲ್ಲುತ್ತದೆ ಎಂದು ಖಾತ್ರಿಯಾದ ಮೇಲೆ ಹೆಲ್ಮೆಟ್ ಹಾಕಿ, ಹಿಂದಿನ ಕೆಂಪು ದೀಪ ಹಚ್ಚಿಕೊಂಡು ಹೊರಡಿ.